ಮಂಡಕ್ಕಿ ಅಂಗಡಿ ಪಾಲಿಟಿಕ್ಸ್

ವರ್ಗವಾಗಿ ದಾವಣಗೆರೆಗೆ ಬಂದಾಗಿನಿಂದ ಎಲ್ಲರೂ ಹೇಳೋದು ಒಂದೇ: ಇದು ಪಕ್ಕಾ ಕಮಲದ ಊರು. ಲೋಕಸಭೆಗೆ 2004ರಿಂದ 2019ರವರೆಗೆ ನಾಲ್ಕು ಸಲವೂ ಬಿಜೆಪಿಯ ಜಿ.ಎಂ. ಸಿದ್ದೇಶ್ವರ ಗೆದ್ದಿದ್ದರು, ಸರಿ. ಆದರೆ ಇದೇ ಊರಿನ ದಕ್ಷಿಣ ವಿಧಾನಸಭಾ ಕ್ಷೇತ್ರದಲ್ಲಿ 2008ರಿಂದ 2023ರವರೆಗೆ ನಾಲ್ಕೂ ಚುನಾವಣೆ ಗೆದ್ದಿದ್ದು ಕಾಂಗ್ರೆಸ್ಸಿನ ಶಾಮನೂರು ಶಿವಶಂಕರಪ್ಪ!

ಇದೇನು ಲೆಕ್ಕ ಅಂತ ಮಂಡಕ್ಕಿ ಕಲಸುತ್ತಿದ್ದ ಅಂಗಡಿ ಅಣ್ಣಾರನ್ನು ಕೇಳಿದೆ. "ದಿಲ್ಲಿಗೊಂದು, ಬೆಂಗ್ಳೂರಿಗೊಂದು ಸಾರ್. ಇಲ್ಲಿ ಪಕ್ಷಕ್ಕಿಂತ ಮನೆತನ ಜಾಸ್ತಿ ನೋಡ್ತಾರೆ" ಅಂತ ಬಿಸಿ ಮಿರ್ಚಿ ಎರಡು ತಟ್ಟೆಗೆ ಹಾಕಿದರು.

ಮಾತು ಸುಳ್ಳಲ್ಲ. 2024ರಲ್ಲಿ ಲೋಕಸಭೆ ಕಣದಲ್ಲಿದ್ದಿದ್ದು ಶಾಮನೂರರ ಸೊಸೆ, ಸಿದ್ದೇಶ್ವರರ ಹೆಂಡತಿ. ಗೆದ್ದಿದ್ದು ಸೊಸೆ ಪ್ರಭಾ ಮಲ್ಲಿಕಾರ್ಜುನ. ಹಂಗಾದ್ರೆ ಊರು ಯಾರದ್ದು? ಜಾತಿ ಲೆಕ್ಕ ಬೇರೆ ಇದೆಯಂತೆ. ಅದನ್ನು ಹೇಳುವಾಗ ಮಾತ್ರ ಅಣ್ಣಾರು ಆಚೆ ಈಚೆ ನೋಡಿದರು.