ಮೀನಿನ ನೀರಿನ ಹೂವು ದೇವರಿಗೆ ನಡೀತದೇನು?

ನಡೀತದೆ.

ಇಷ್ಟೇ ನನ್ನ ಉತ್ತರ. ಮೂರು ವರ್ಷದಿಂದ ಇದನ್ನು ಗೇಟಿನ ಹತ್ತಿರ ನಿಂತು ಹೇಳಿದ್ದೇನೆ, ಮದುವೆ ಪಂಕ್ತಿಯಲ್ಲಿ ಕೂತು ಹೇಳಿದ್ದೇನೆ, ಬ್ಯಾಂಕಿನ ಸಾಲಿನಲ್ಲೂ ಹೇಳಿದ್ದೇನೆ. ಇನ್ನು ಬಾಯಲ್ಲಿ ಹೇಳುವುದಿಲ್ಲ. ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಿ.

ಗೊತ್ತಿಲ್ಲದವರಿಗೆ ಎರಡು ಮಾತು. ಕಲಬುರಗಿಯ ನಮ್ಮ ಮನೆಯ ಅಂಗಳದಲ್ಲಿ 500 ಲೀಟರಿನ ಒಂದು ನೀರಿನ ಟ್ಯಾಂಕ್ ಇದೆ. ಅದರಲ್ಲಿ ಹನ್ನೆರಡು ಕೋಯ್ ಮೀನು, ಲೆಕ್ಕಕ್ಕೆ ಸಿಗದಷ್ಟು ಗಪ್ಪಿ ಮೀನು. ಪಕ್ಕದಲ್ಲಿ ಇಟ್ಟಿಗೆ ಕಟ್ಟೆಯ ಮೇಲೆ ನೀಲಿ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿ ಎರಡು ಹೋಳು ಇಟ್ಟಿದ್ದೇನೆ. ಹೋಳಿನ ತುಂಬ ಜಲ್ಲಿಕಲ್ಲು. ಕಲ್ಲಿನ ನಡುವೆ ಚೆಂಡು ಹೂವು, ಕನಕಾಂಬರ. ಮಣ್ಣು ಇಲ್ಲವೇ ಇಲ್ಲ. ಹಳೇ ಕೂಲರಿನ ಪಂಪು ಮೀನಿನ ನೀರನ್ನು ಕಲ್ಲಿಗೆ ಎತ್ತಿ ಹಾಕುತ್ತದೆ. ನೀರು ಬೇರು ದಾಟಿ, ಸೋಸಿಕೊಂಡು ವಾಪಸ್ ಟ್ಯಾಂಕಿಗೆ ಬೀಳುತ್ತದೆ. ಇದಕ್ಕೆ ಅಕ್ವಾಪೋನಿಕ್ಸ್ ಅಂತಾರೆ. ಪಂಪು, ಪೈಪು, ಡ್ರಮ್ಮು ಎಲ್ಲ ನಾನೇ ಜೋಡಿಸಿದ್ದು. ಮೀನು ನಾವು ತಿನ್ನುವುದಿಲ್ಲ. ಅದನ್ನೂ ಕೇಳ್ತಾರೆ, ಅದಕ್ಕೇ ಹೇಳಿದೆ.

ಈಗ ಆ ಪ್ರಶ್ನೆ. ಹೋದ ವರ್ಷ ಶ್ರಾವಣ ಸೋಮವಾರ ದೊಡ್ಡವ್ವನ ಮನೆಯಲ್ಲಿ ಪೂಜೆ ಇತ್ತು. ಬೆಳಿಗ್ಗೆ ಐದಕ್ಕೆ ಎದ್ದು ಒಂದು ಬುಟ್ಟಿ ಚೆಂಡು ಹೂವು ಕಿತ್ತು ಒಯ್ದಿದ್ದೆ. ಇನ್ನೇನು ಜಗಲಿಯ ಹತ್ತಿರ ಬುಟ್ಟಿ ಇಡಬೇಕು, ಅಷ್ಟರಲ್ಲಿ ಅವಳ ಬೀಗತಿ ಕೇಳಿದರು. "ಇವು ಮೀನಿನ ಹೂವಲ್ಲೇನ್ರಿ?"

ಮೀನಿನ ಹೂವು ಅಂತೆ! ಮೀನಿಗೆ ಎಲ್ಲಿಯಾದರೂ ಹೂವು ಬಿಡುತ್ತದಾ?

ದೊಡ್ಡವ್ವ ನನ್ನ ಮುಖ ನೋಡಿದಳು. ಬೀಗತಿಯ ಮುಖ ನೋಡಿದಳು. "ದೇವರಿಗೆ ನಡೀತಾವೇನವಾ ಇವು?" ಅಂತ ಮೆಲ್ಲಗೆ ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಯಾರೋ ಬುಟ್ಟಿ ಎತ್ತಿ ಹೊಸ್ತಿಲ ಆಚೆ ಇಟ್ಟಾಗಿತ್ತು. "ಬಾಗಿಲಿಗೆ ಮಾಲಿ ಕಟ್ಟಿದ್ರಾತು ಬಿಡು." ಅವತ್ತು ದೇವರಿಗೆ ಏರಿದ್ದು ಮಾರ್ಕೆಟ್ಟಿನ ಹೂವು. ಅದನ್ನು ಬಿಡಿಸಿ ಕೊಟ್ಟವಳು ನಾನೇ. ಕೈಗೆ ಅಂಟಿದ ಔಷಧಿ ವಾಸನೆ ಸೋಪು ಹಚ್ಚಿ ತೊಳೆದರೂ ಊಟದವರೆಗೆ ಹೋಗಲಿಲ್ಲ.

ಆ ಹೂವಿಗೆ ಏನು ಹೊಡೆದಿದ್ದರು ಅಂತ ಯಾರಾದರೂ ಕೇಳಿದರಾ? ನನ್ನ ಗಿಡಕ್ಕೆ ವಿಷ ಹೊಡೆಯಲು ಬರುವುದೇ ಇಲ್ಲ. ಒಂದು ಹನಿ ಕೆಳಗೆ ಸೋರಿದರೆ ಮೀನು ಸಾಯುತ್ತವೆ. ಹುಳ ಬಿದ್ದರೆ ಪೈಪು ಹಿಡಿದು ಬರೀ ನೀರು ರಭಸವಾಗಿ ಹೊಡೆಯುತ್ತೇನೆ, ಕೈಯಿಂದ ಹೆಕ್ಕಿ ಹಾಕುತ್ತೇನೆ. ಹೊಲದ ಹೂವಿಗೆ ಸೆಗಣಿ ಗೊಬ್ಬರ ಹಾಕುತ್ತಾರೆ, ಹೊಲದಲ್ಲಿ ಕುರಿ ಹಿಂಡು ನಿಲ್ಲಿಸುತ್ತಾರೆ. ಅದು ನಡೆಯುತ್ತದೆ ಅಂದರೆ ಮೀನಿನದು ಯಾಕೆ ನಡೆಯುವುದಿಲ್ಲ? ಕೆರೆಯ ಕಮಲವನ್ನು ಕಣ್ಣಿಗೊತ್ತಿಕೊಂಡು ದೇವರಿಗೆ ಏರಿಸುತ್ತೇವೆ. ಆ ಕೆರೆಯಲ್ಲಿ ಮೀನು ಇರಲಿಲ್ಲವಾ?

ನಮ್ಮ ಪಕ್ಕದ ಬಸವಕಲ್ಯಾಣದಲ್ಲಿ ಇದ್ದ ಬಸವಣ್ಣನವರು 12ನೇ ಶತಮಾನದಲ್ಲೇ ಈ ಮಾತು ಆಡಿ ಮುಗಿಸಿದ್ದಾರೆ. ಹಾಲು ಕರುವಿನ ಎಂಜಲು, ನೀರು ಮೀನಿನ ಎಂಜಲು, ಹೂವು ದುಂಬಿಯ ಎಂಜಲು, ಇನ್ನು ಹೇಗೆ ಪೂಜಿಸಲಿ, ಬಂದದ್ದನ್ನು ತಗೋ ದೇವರೇ ಅನ್ನುವ ವಚನ ಅದು. ನಮ್ಮ ಮನೆಗಳಲ್ಲಿ ಮಕ್ಕಳಿಗೂ ಬಾಯಿಪಾಠ. ಆ ದಿನ ಪೂಜೆಗೆ ಕೂತವರಲ್ಲಿ ಅದು ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ. ನನಗೆ ನೋವಾದದ್ದು ಅದಕ್ಕೇ. ದೊಡ್ಡವ್ವ ಈಗಲೂ ನನ್ನ ಹೂವು ಬಾಗಿಲಿಗೇ ಕಟ್ಟುತ್ತಾಳೆ. ಕಟ್ಟಲಿ. ನಾನು ಒಯ್ಯುವುದನ್ನು ಬಿಟ್ಟಿಲ್ಲ.

ಇನ್ನೂ ಒಂದು ಮಾತು. ಗಿಡ ಕುಡಿಯುವುದು ಮೀನಿನ ಹೊಲಸನ್ನು ಅಂದುಕೊಂಡಿದ್ದೀರಿ. ಅಲ್ಲ. ಮೀನಿನ ಕಿವಿರಿನಿಂದಲೂ ಮಲದಿಂದಲೂ ನೀರಿಗೆ ಅಮೋನಿಯಾ ಬರುತ್ತದೆ. ಕಲ್ಲಿನ ಮೈಗೆ ಅಂಟಿಕೊಂಡ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಜಾತಿ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಗಿಡಕ್ಕೆ ಹೆಚ್ಚಾಗಿ ಸಿಗುವುದು ಈ ನೈಟ್ರೇಟ್. ಹೊಲದ ಮಣ್ಣಿನೊಳಗೂ ಇದೇ ಕೆಲಸ ನಡೆಯುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಹೊಸ ಕಲ್ಲಿನ ಮೇಲೆ ಈ ಬ್ಯಾಕ್ಟೀರಿಯಾ ಕೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನಿಗೆ ಮೇವು ಕಡಿಮೆ ಹಾಕಬೇಕು, ದಿನಾ ನೀರು ನೋಡಬೇಕು. ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟು ಆಮೇಲೆ ಟ್ಯಾಂಕಿಗೆ ಹಾಕಬೇಕು. ಕ್ಲೋರಿನ್ ಮೀನಿಗೂ ಆಗುವುದಿಲ್ಲ, ಈ ಬ್ಯಾಕ್ಟೀರಿಯಾಕ್ಕೂ ಆಗುವುದಿಲ್ಲ.

ಕಲ್ಲು ಅಂದೆ ಅಲ್ವಾ? ನನ್ನನ್ನು ಕೇಳಬೇಕಾದ ಪ್ರಶ್ನೆ ಅದು. "ಯಾವ ಕಲ್ಲು ಹಾಕೀರಿ?" ಮೂರು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ.

ಮೊದಲ ವರ್ಷ ನಾನು ಹಾಕಿದ್ದು ಫರ್ಸಿ ಚೂರು. ಶಹಾಬಾದ್ ಕಲ್ಲು ನಮ್ಮ ಜಿಲ್ಲೆಯದೇ, ನಮ್ಮ ಮನೆಯ ನೆಲವೂ ಅದೇ. ಮನೆ ರಿಪೇರಿಯಲ್ಲಿ ಉಳಿದ ತುಂಡು ಬೇಕಾದಷ್ಟು ಇದ್ದವು. ಸುತ್ತಿಗೆಯಿಂದ ಒಡೆದು ತುಂಬಿದೆ. ಎರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಚೆಂಡು ಹೂವಿನ ಎಳೆ ಎಲೆಗಳು ಹಳದಿ ಆದವು. ಹತ್ತಿರ ಹಿಡಿದು ನೋಡಿದರೆ ನರ ಮಾತ್ರ ಹಸಿರು, ನಡುವೆ ಎಲ್ಲ ನಿಂಬೆಹಣ್ಣಿನ ಸಿಪ್ಪೆಯ ಬಣ್ಣ. ಕೆಳಗಿನ ಹಳೇ ಎಲೆಗಳು ಹಸಿರಾಗಿಯೇ ಇದ್ದವು. ಇದು ಕಬ್ಬಿಣದ ಕೊರತೆಯ ಗುರುತು. ಅಂಗಡಿಯಿಂದ ಚಿಲೇಟೆಡ್ ಕಬ್ಬಿಣ, ಅಂದರೆ ನೀರಿನಲ್ಲಿ ಕರಗಿಯೇ ಉಳಿಯುವ ಹಾಗೆ ಮಾಡಿದ ಕಬ್ಬಿಣ, ತಂದು ಹಾಕಿದೆ. ಏನೂ ಆಗಲಿಲ್ಲ. ಮತ್ತೆ ಹಾಕಿದೆ. ಮೊಗ್ಗು ಬಟಾಣಿ ಗಾತ್ರಕ್ಕೇ ನಿಂತು ಒಣಗಿದವು. ರಾತ್ರಿ ಟಾರ್ಚ್ ಹಿಡಿದು ಎಲೆ ನೋಡುತ್ತಾ ಕೂರುತ್ತಿದ್ದೆ.

ಕಂಪೌಂಡ್ ಗೋಡೆಗೆ ಬಂದ ಗೌಂಡಿ ಅದನ್ನು ನೋಡಿದರು. ಒಂದು ಚೂರು ಕೈಗೆತ್ತಿಕೊಂಡು, "ಅಕ್ಕಾ, ಇದು ಸುಣ್ಣದ ಕಲ್ಲು ಅದ. ಸುಟ್ರ ಸುಣ್ಣ ಆಗ್ತದ. ಇದನ್ನ ನೀರಾಗ ಹಾಕೀರಲ್ಲ?" ಅಂದರು.

ಸುಣ್ಣದ ಕಲ್ಲಿಗೆ ಹುಳಿ ಬಿದ್ದರೆ ನೊರೆ ಏಳುತ್ತದೆ. ಒಳಗೆ ಓಡಿ ನಿಂಬೆಹಣ್ಣು ತಂದೆ. ಚಾಕುವಿನಿಂದ ಕಲ್ಲು ಕೆರೆದು, ಆ ಪುಡಿಯ ಮೇಲೆ ನಾಲ್ಕು ಹನಿ ಹಿಂಡಿದೆ. ಸಣ್ಣಗೆ ನೊರೆ ಎದ್ದಿತು. ಕಿವಿ ಹತ್ತಿರ ತಂದರೆ ಚುಸ್ ಅನ್ನುವ ಸದ್ದು.

ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಇರುವುದು ಈ ಸುಣ್ಣದ ಕಲ್ಲಿಗಾಗಿಯೇ. ಅಲ್ಲೇ ಹುಟ್ಟಿ ಬೆಳೆದವರಿಗೂ ಇದು ಹೊಳೆಯುವುದಿಲ್ಲ. ಬ್ಯಾಕ್ಟೀರಿಯಾ ತಮ್ಮ ಕೆಲಸ ಮಾಡುವಾಗ ನೀರಿಗೆ ಆಮ್ಲ ಬಿಡುತ್ತವೆ. ಆ ಆಮ್ಲ ಸುಣ್ಣದ ಕಲ್ಲನ್ನು ಕರಗಿಸುತ್ತದೆ. ಕರಗಿದ ಸುಣ್ಣ ಆ ಆಮ್ಲವನ್ನು ಅಲ್ಲೇ ಮುಗಿಸುತ್ತದೆ, ಹಾಗಾಗಿ ನೀರಿನ ಪಿಎಚ್ ಇಳಿಯುವುದೇ ಇಲ್ಲ. ಪಿಎಚ್ ಅಂದರೆ ಆಮ್ಲ, ಕ್ಷಾರದ ಅಳತೆ; 7 ನಡು, ಅದರ ಮೇಲೆ ಹೋದರೆ ಕ್ಷಾರ. ನನ್ನದು 8ರ ಮೇಲೆಯೇ ನಿಂತಿತ್ತು. ಅಷ್ಟು ಕ್ಷಾರದಲ್ಲಿ ಕಬ್ಬಿಣ ನೀರಿನಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಚಿಲೇಟೆಡ್ ಕಬ್ಬಿಣ, ಇಡಿಟಿಎ ಅಂತಾರೆ, ಅದು ಕೂಡ ಅಲ್ಲಿ ನಿಲ್ಲುವುದಿಲ್ಲ. ಅಷ್ಟೇ ಅಲ್ಲ, ಪಿಎಚ್ ಏರಿದಷ್ಟೂ, ನೀರು ಬಿಸಿಯಾದಷ್ಟೂ ಅಮೋನಿಯಾ ಮೀನಿಗೆ ಜಾಸ್ತಿ ವಿಷ. ನಮ್ಮ ಊರಿನ ಮೇ ತಿಂಗಳು ಎಂಥದ್ದು ಅಂತ ನಿಮಗೆ ಗೊತ್ತು.

ಎರಡು ಹೋಳೂ ಖಾಲಿ ಮಾಡಿದೆ. ಕ್ರಷರ್‌ನಿಂದ ಕರಿಕಲ್ಲಿನ 20 ಎಂಎಂ ಜಲ್ಲಿ ತರಿಸಿದೆ. ಅದರ ಮೇಲೂ ನಿಂಬೆಹಣ್ಣು ಹಿಂಡಿದೆ, ಒಂದು ಗುಳ್ಳೆಯೂ ಏಳಲಿಲ್ಲ. ಪುಡಿ ಹೋಗುವ ತನಕ ಬುಟ್ಟಿ ಬುಟ್ಟಿ ತೊಳೆದು ತುಂಬಿದೆ. ಒಂದು ಹೋಳಿಗೆ ಹತ್ತಿರ ಹತ್ತಿರ ಒಂದೂವರೆ ಕ್ವಿಂಟಲ್ ಹಿಡಿಯುತ್ತದೆ. ಮಾಳಿಗೆ ಮೇಲೆ ಇಡುವವರು ಇದನ್ನು ಮೊದಲು ಲೆಕ್ಕ ಹಾಕಿ. ಹಳೇ ಕಲ್ಲಿನ ಜೊತೆ ಬ್ಯಾಕ್ಟೀರಿಯಾನೂ ಹೋದವು, ಮತ್ತೆ ಐದು ವಾರ ಕಾಯಬೇಕಾಯಿತು. ಪಿಎಚ್ ನಿಧಾನಕ್ಕೆ 7ರ ಹತ್ತಿರ ಬಂತು. ಆಮೇಲೆ ಬಂದ ಎಲೆ ನರದಿಂದ ಅಂಚಿನವರೆಗೆ ಹಸಿರು.

ಹೂವಿಗೆ ಇನ್ನೂ ಸ್ವಲ್ಪ ಬೇಕಾಯಿತು. ಮೀನಿನ ಮೇವಿನಿಂದ ಸಾರಜನಕ ಸಾಕಷ್ಟು ಸಿಗುತ್ತದೆ, ಪೊಟ್ಯಾಶ್ ಸಾಲುವುದಿಲ್ಲ. ಗಿಡ ಬರೀ ಸೊಪ್ಪಾಗಿ ಬೆಳೆಯುತ್ತದೆ. ಸಲ್ಫೇಟ್ ಆಫ್ ಪೊಟ್ಯಾಶ್ ಅನ್ನುವ ಗೊಬ್ಬರ ಸ್ವಲ್ಪ ಸ್ವಲ್ಪವೇ ಕರಗಿಸಿ ಹಾಕುತ್ತೇನೆ. ಸಸಿ ಒಂದು ತಿಂಗಳಾದಾಗ ತುದಿ ಚಿವುಟುತ್ತೇನೆ, ಕವಲು ಜಾಸ್ತಿ ಬಂದು ಮೊಗ್ಗೂ ಜಾಸ್ತಿ ಬಿಡುತ್ತದೆ.

ಬೇಸಿಗೆ ಬಗ್ಗೆಯೂ ಯಾರೂ ಕೇಳುವುದಿಲ್ಲ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. 30 ಆದರೆ ಏಳೂವರೆ. ಹಾಗಾಗಿ ಟ್ಯಾಂಕಿಗೆ ಹಸಿ ಗೋಣಿಚೀಲ ಸುತ್ತಿ, ಮೇಲೆ ಹಸಿರು ನೆಟ್ ಕಟ್ಟಿ, ದಿನಕ್ಕೆ ಎರಡು ಸಲ ಗೋಣಿಗೆ ನೀರು ಚಿಮುಕಿಸುತ್ತೇನೆ. ಒಂದು ರಾತ್ರಿ ಕರೆಂಟ್ ಹೋಗಿ ಪಂಪು ನಿಂತಿತು, ಬೆಳಿಗ್ಗೆ ಮೂರು ಮೀನು ಮೇಲೆ ತೇಲುತ್ತಿದ್ದವು. ಅವತ್ತೇ ಬ್ಯಾಟರಿಯ ಏರ್ ಪಂಪ್ ತಂದೆ. ಆ ಮೂರನ್ನು ನಿಂಬೆ ಗಿಡದ ಬುಡದಲ್ಲಿ ಹೂತಿದ್ದೇನೆ.

ಇನ್ನು ಮನೆಗೆ ಬರುವವರು ದೇವರ ಪ್ರಶ್ನೆ ಹೊರಗೆ ಬಿಟ್ಟು ಬನ್ನಿ. ತೆಗೆದು ಹಾಕಿದ ಫರ್ಸಿ ಚೂರು ಗೇಟಿನ ಬಲಗಡೆ ಇನ್ನೂ ರಾಶಿ ಬಿದ್ದಿದೆ. ಒಂದು ಎತ್ತಿಕೊಂಡು ಒಳಗೆ ಬನ್ನಿ, ಚಾಕು ಮತ್ತು ನಿಂಬೆಹಣ್ಣು ನಾನು ಕೊಡುತ್ತೇನೆ.