ಸ್ಟೇಟ್ ಫೇರ್: ಮೂರರಲ್ಲಿ ಯಾವುದನ್ನು ನೋಡಬೇಕು?

ಈ ಹೆಸರಿನಲ್ಲಿ ಹಾಲಿವುಡ್‌ನ ಮೂರು ಚಿತ್ರಗಳಿವೆ. ಹುಡುಕುವಾಗ ಇಸವಿ ನೋಡಿಕೊಳ್ಳಿ. ಮೂರಕ್ಕೂ ಮೂಲ ಫಿಲ್ ಸ್ಟಾಂಗ್ ಅವರ 1932ರ ಕಾದಂಬರಿ. 1933ರದ್ದು ಕಪ್ಪು-ಬಿಳುಪು, ಮ್ಯೂಸಿಕಲ್ ಅಲ್ಲ. ನೋಡಲೇಬೇಕಾದದ್ದು ವಾಲ್ಟರ್ ಲ್ಯಾಂಗ್ ನಿರ್ದೇಶನದ 1945ರ ಟೆಕ್ನಿಕಲರ್ ಚಿತ್ರ. ಸಂಗೀತಗಾರ ರಾಜರ್ಸ್ ಮತ್ತು ಗೀತರಚನೆಕಾರ ಹ್ಯಾಮರ್‌ಸ್ಟೈನ್ ಜೋಡಿ ನೇರವಾಗಿ ಸಿನಿಮಾಕ್ಕೆಂದೇ ಹಾಡು ಕಟ್ಟಿದ್ದು ಇದೊಂದಕ್ಕೇ.

ಕಥೆ ಇಷ್ಟೇ: ಅಮೆರಿಕದ ಅಯೋವಾ ರಾಜ್ಯದ ಫ್ರೇಕ್ ಕುಟುಂಬ ಹಂದಿ, ಉಪ್ಪಿನಕಾಯಿ, ಮಿನ್ಸ್‌ಮೀಟ್ ಎಂಬ ಸಿಹಿ ಹೂರಣ ಕಟ್ಟಿಕೊಂಡು ರಾಜ್ಯದ ಕೃಷಿ ಮೇಳದ (ಸ್ಟೇಟ್ ಫೇರ್) ಸ್ಪರ್ಧೆಗಳಿಗೆ ಹೊರಡುತ್ತದೆ. ಆದರೆ ಬಿಡುಗಡೆಯಾದ ಕಾಲ ನೆನಪಿರಲಿ. ಎರಡನೇ ಮಹಾಯುದ್ಧದಿಂದಾಗಿ 1942ರಿಂದ 1945ರವರೆಗೆ ಅಯೋವಾದ ಮೇಳವೇ ನಡೆಯಲಿಲ್ಲ. 1945ರ ಆಗಸ್ಟ್‌ನಲ್ಲಿ ಚಿತ್ರ ತೆರೆಕಂಡಾಗ ಅಲ್ಲಿನ ಜನ ನೋಡಿದ್ದು ತಮ್ಮ ಕೈತಪ್ಪಿದ ಮೇಳವನ್ನು. ಇದರ ಹಂಬಲ ಅಷ್ಟು ನಿಜವೆನಿಸುವುದು ಅದಕ್ಕೇ.

ಮಿನ್ಸ್‌ಮೀಟ್ ಪ್ರಸಂಗವನ್ನು ಗಮನವಿಟ್ಟು ನೋಡಿ. ಒಣಹಣ್ಣು, ಸೇಬು, ಮಸಾಲೆ ಬೆರೆಸಿ ಮಾಡುವ ಈ ಹೂರಣಕ್ಕೆ ಬ್ರಾಂದಿ ಬೇಕೆಂದು ಗಂಡನ ಹಟ, ಬೇಡವೆಂದು ಹೆಂಡತಿಯದು. ಅವಳ ಕಣ್ಣು ತಪ್ಪಿಸಿ ಅವನು ಸುರಿಯುತ್ತಾನೆ. ಆಮೇಲೆ ಮನಸ್ಸು ಬದಲಿಸಿ ಅವಳೂ ಸುರಿಯುತ್ತಾಳೆ. ಇಬ್ಬರಿಗೂ ಇನ್ನೊಬ್ಬರು ಹಾಕಿದ್ದು ಗೊತ್ತಿಲ್ಲ. ಫಲ ಕಾಣುವುದು ತೀರ್ಪುಗಾರನ ಮುಖದಲ್ಲಿ: ಡೊನಾಲ್ಡ್ ಮೀಕ್ ಚಮಚದ ಮೇಲೆ ಚಮಚ ತಿನ್ನುತ್ತಾ ಅಮಲೇರಿಸಿಕೊಳ್ಳುವುದನ್ನು ಎಷ್ಟು ಸಲ ನೋಡಿದರೂ ಸಾಲದು. ಒಂದು ಮಾತೂ ಹೆಚ್ಚಿಲ್ಲ.

ಆಸ್ಕರ್ ಗೆದ್ದ ‘ಇಟ್ ಮೈಟ್ ಆಸ್ ವೆಲ್ ಬಿ ಸ್ಪ್ರಿಂಗ್’ ಬರುವುದು ಆರಂಭದಲ್ಲೇ. ಮಗಳು ಮಾರ್ಗಿಗೆ ಕಾರಣವಿಲ್ಲದ ಚಡಪಡಿಕೆ. ಅಂಥ ತಳಮಳ ವಸಂತದ್ದು, ಮೇಳದ ಕಾಲವೋ ಬೇಸಿಗೆಯ ಕೊನೆ. ಹ್ಯಾಮರ್‌ಸ್ಟೈನ್ ಆ ತೊಡಕನ್ನೇ ಪಲ್ಲವಿ ಮಾಡಿಕೊಂಡರು: ವಸಂತವಲ್ಲದಿದ್ದರೂ ವಸಂತವೇ ಬಂದಂತಿದೆ ಎಂದು. ರಾಜರ್ಸ್ ರಾಗವೂ ಸುಮ್ಮನೆ ಕೂರುವುದಿಲ್ಲ, ಸ್ವರದಿಂದ ಸ್ವರಕ್ಕೆ ಜಿಗಿಯುತ್ತದೆ. ಪದ ಅರ್ಥವಾಗದವರಿಗೂ ಹುಡುಗಿಯ ಮನಸ್ಸು ತಿಳಿಯುತ್ತದೆ. ತೆರೆಯ ಮೇಲಿರುವವರು ಜೀನ್ ಕ್ರೇನ್, ದನಿ ಲೂಆನ್ ಹೋಗನ್ ಅವರದು. ಹೊಂದಾಣಿಕೆ ಎಲ್ಲೂ ಜಾರಿಲ್ಲ.

1962ರ ಚಿತ್ರದ ಎಡವಟ್ಟು ಶುರುವಾಗುವುದೇ ಕಥೆಯನ್ನು ಅಯೋವಾದಿಂದ ಟೆಕ್ಸಾಸ್‌ಗೆ ಎತ್ತಿದಲ್ಲಿ. ಡಲ್ಲಾಸ್‌ನ ಭಾರೀ ಮೇಳದಲ್ಲಿ ಮನೆಮಂದಿಯೇ ಚಿಕ್ಕದಾಗಿಬಿಡುತ್ತಾರೆ. ಹ್ಯಾಮರ್‌ಸ್ಟೈನ್ 1960ರಲ್ಲೇ ತೀರಿಕೊಂಡಿದ್ದರಿಂದ ಐದು ಹೊಸ ಹಾಡುಗಳ ಸಾಹಿತ್ಯವನ್ನೂ ರಾಜರ್ಸ್ ಅವರೇ ಬರೆದರು. ಹಳೆಯ ಹಾಡುಗಳ ಪಕ್ಕದಲ್ಲಿ ಅವು ಸಪ್ಪೆ. ಆನ್-ಮಾರ್ಗ್ರೆಟ್ ನೃತ್ಯಕ್ಕಾಗಿ ನೋಡುವುದಾದರೆ ನೋಡಿ, ಆದರೆ 1945ರದ್ದು ಮುಗಿಸಿದ ಮೇಲೆ.