ಕುಲಾವಿ ತೆಗೆದ ರಾತ್ರಿ

ಯುಗಾದಿಯ ಹಿಂದಿನ ವಾರ. ಬಾಣಂತನಕ್ಕೆ ಮಂಡ್ಯದ ತವರಲ್ಲಿದ್ದೆ. ಮಗಳಿಗೆ ಆಗ ಎರಡು ತಿಂಗಳು. ಹಗಲು ಬಿಸಿಲು 35 ಡಿಗ್ರಿ ಹತ್ತಿರ ಹೋಗುತ್ತಿತ್ತು, ರಾತ್ರಿಯೂ ಗೋಡೆ ಕಾವು ಬಿಡುತ್ತಿತ್ತು. ಆದರೂ ಬಾಣಂತಿ ಕೋಣೆಯ ಕಿಟಕಿ ತೆಗೆಯುವ ಹಾಗಿರಲಿಲ್ಲ. ಮಗುವಿಗೆ ಜಬ್ಲಾ, ಅದರ ಮೇಲೆ ಉಲ್ಲನ್ ಸ್ವೆಟರ್, ಕಾಲಿಗೆ ಸಾಕ್ಸ್, ಕೈಗೆ ಗವಸು, ತಲೆಗೆ ಕುಲಾವಿ. ಇಷ್ಟರ ಮೇಲೆ ದಪ್ಪ ಟವೆಲ್ ಬಿಗಿಯಾಗಿ ಸುತ್ತಿ ಮಲಗಿಸುತ್ತಿದ್ದೆವು.

"ಅಂಗಾಲು ತಣ್ಣಗದೆ ನೋಡವ್ವ, ಮಗೀಗೆ ಚಳಿ ಆಯ್ತದೆ" ಅನ್ನುತ್ತಿದ್ದರು ಅಜ್ಜಿ. ಮುಟ್ಟಿ ನೋಡಿದರೆ ನಿಜಕ್ಕೂ ತಣ್ಣಗೇ ಇರುತ್ತಿತ್ತು. ಏಳು ಮಕ್ಕಳನ್ನು ಸಾಕಿದ ಕೈ ಅದು. ನಾನು ಎದುರು ಮಾತಾಡಲಿಲ್ಲ.

ಆ ರಾತ್ರಿ ಒಂದು ಗಂಟೆಗೆ ಮಗು ಅಳಲು ಶುರು ಮಾಡಿತು. ಹಾಲು ಕೊಟ್ಟೆ, ಬೇಡ. ತೇಗಿಸಿದೆ, ನಿಲ್ಲಲಿಲ್ಲ. ಅಮ್ಮ ಎದ್ದು ಹೊಟ್ಟೆನೋವಿರಬೇಕು ಅಂದರು. ಭುಜಕ್ಕೆ ಹಾಕಿಕೊಂಡು ಓಡಾಡುವಾಗ ನನ್ನ ಕೈ ಅವಳ ಕತ್ತಿನ ಹಿಂದೆ ಹೋಯಿತು. ಒದ್ದೆ. ಕುಲಾವಿ ತೆಗೆದರೆ ಕೂದಲು ಸ್ನಾನ ಮಾಡಿಸಿದ ಹಾಗೆ ತಲೆಗೆ ಅಂಟಿಕೊಂಡಿತ್ತು. ಎದೆ, ಕತ್ತಿನ ಮಡಿಕೆಯಲ್ಲೆಲ್ಲ ಕೆಂಪು ಬೆವರುಸಾಲೆ. ನನ್ನ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು. ಒಂದೊಂದೇ ಬಟ್ಟೆ ಬಿಚ್ಚಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಬರೀ ಹತ್ತಿ ಜಬ್ಲಾ ಹಾಕಿದೆ. ಕಿಟಕಿ ತೆಗೆದೆ. ಹತ್ತು ನಿಮಿಷಕ್ಕೆ ಮಲಗಿಬಿಟ್ಟಳು. ಪಾಪ, ಅಷ್ಟು ದಿನದಿಂದ ಸೆಕೆ ಅಂತಲೇ ಅತ್ತಿದ್ದಳೋ ಏನೋ.

ಬೆಳಿಗ್ಗೆ ಮಕ್ಕಳ ಡಾಕ್ಟರ್ ಹತ್ತಿರ ಹೋದೆವು. ಅಜ್ಜಿಯೂ ಬಂದರು. ಡಾಕ್ಟರಮ್ಮ ಬೈಯಲಿಲ್ಲ. ಅಜ್ಜಿಯ ಕೈ ಹಿಡಿದು ಮಗುವಿನ ಕತ್ತಿನ ಹಿಂಭಾಗಕ್ಕೆ ಇಟ್ಟರು. "ಇಲ್ಲಿ ನೋಡ್ಬೇಕು ಅಜ್ಜಿ. ಇಲ್ಲ ಎದೆ ಮುಟ್ಟಿ. ಎಳೆ ಮಗುವಿನ ಕೈಕಾಲು ತಣ್ಣಗಿರೋದು ಮಾಮೂಲು, ಅದನ್ನು ನೋಡಿ ಬಟ್ಟೆ ಜಾಸ್ತಿ ಮಾಡಬಾರದು."

ಮಗುವಿನ ಮೈಗೆ ತಲೆಯೇ ದೊಡ್ಡದು, ಮೈಗೆ ಬಟ್ಟೆ ಸುತ್ತಿದಾಗ ಕಾವು ಬಹುಪಾಲು ಹೊರಗೆ ಹೋಗುವುದು ತಲೆ ಮುಖದಿಂದ. ಹಾಗಾಗಿ ಮನೆಯೊಳಗೆ ಮಲಗಿಸುವಾಗ ಕುಲಾವಿ ಬೇಡ ಅಂದರು. ಅದು ಜಾರಿ ಮೂಗಿನ ಮೇಲೂ ಬರಬಹುದು. ಮೈ ಅತಿಯಾಗಿ ಬಿಸಿಯಾದರೆ ಮಲಗಿದಲ್ಲೇ ಮಗುವಿನ ಉಸಿರು ನಿಲ್ಲುವ ಅಪಾಯ ಹೆಚ್ಚುತ್ತದಂತೆ. ಇದನ್ನು ಕೇಳಿ ನಾನು ಮಗುವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ. ತಿಂಗಳು ತುಂಬದೆ ಹುಟ್ಟಿದ, ತೂಕ ಕಡಿಮೆ ಇರುವ ಮಕ್ಕಳ ಲೆಕ್ಕ ಬೇರೆ, ಅವರಿಗೆ ಡಾಕ್ಟರ್ ಹೇಳಿದಷ್ಟು ಬೆಚ್ಚಗೆ ಇಡಲೇಬೇಕು. ನಮ್ಮ ಮಗಳು ತಿಂಗಳು ತುಂಬಿ ಹುಟ್ಟಿದವಳು. ಚಳಿಗಾಲದಲ್ಲಿ ನಮಗಿಂತ ಒಂದು ಪದರ ಜಾಸ್ತಿ ಸಾಕು, ಈ ಸೆಕೆಗೆ ಒಂದೇ ತೆಳು ಬಟ್ಟೆ.

ಅಂಗಾತವೇ ಮಲಗಿಸಬೇಕು, ಹತ್ತಿರ ದಿಂಬು, ಸಡಿಲ ಹೊದಿಕೆ ಇಡಬೇಡಿ ಅಂತಲೂ ಹೇಳಿದರು. ಟವೆಲ್ ಸುತ್ತಿದ್ದು ನೋಡಿ ಕಾಲನ್ನು ನೆಟ್ಟಗೆ ಎಳೆದು ಕಟ್ಟಬೇಡಿ, ಸೊಂಟದ ಕೀಲಿಗೆ ಒಳ್ಳೆಯದಲ್ಲ, ಕಪ್ಪೆ ಕಾಲಿನ ಹಾಗೆ ಮಡಚಲು ಜಾಗ ಇರಲಿ ಅಂದರು. ಬೋರಲು ಬೀಳುವ ಸೂಚನೆ ಕಂಡ ದಿನವೇ ಸುತ್ತುವುದು ನಿಲ್ಲಿಸಬೇಕು. ಕೊರಳಿನ ಕಪ್ಪು ದಾರವನ್ನು ಅಲ್ಲೇ ಬಿಚ್ಚಿಸಿದರು.

ಆಟೋದಲ್ಲಿ ಅಜ್ಜಿ ಮಾತಾಡಲಿಲ್ಲ. ಬೇಜಾರಾಗಿದ್ದಾರೆ ಅಂದುಕೊಂಡೆ. ಮನೆಗೆ ಬಂದವರೇ ಟ್ರಂಕು ತೆಗೆದು, ತಾತನ ಹಳೇ ಪಂಚೆ ಹೊರಗಿಟ್ಟರು. ಒಗೆದು ಒಗೆದು ಹೂವಿನ ಹಾಗೆ ಮೆತ್ತಗಾಗಿತ್ತು. ಸಂಜೆಯೊಳಗೆ ಕೈಯಲ್ಲೇ ಮೂರು ಜಬ್ಲಾ ಹೊಲಿದರು. ಗುಂಡಿ ಇಲ್ಲ, ಎರಡೇ ಗಿಡ್ಡ ಲಾಡಿ. ಅಂಗಡಿಯ ಯಾವ ಬಟ್ಟೆಯೂ ಅಷ್ಟು ಹಿತವಾಗಿ ಕೂತಿರಲಿಲ್ಲ. ನಾಮಕರಣಕ್ಕೆ ಬಂದಿದ್ದ ರಾಶಿ ಕುಲಾವಿ, ಗವಸು ಬೀರುವಿಗೆ ಹೋಯಿತು.

ಆದರೂ ನೆತ್ತಿ ಬರಿದಾಗಿರುವುದು ಅವರಿಗೆ ಕಷ್ಟವೇ. "ಕಿವಿಗೆ ಗಾಳಿ ಹೋಯ್ತದಲ್ಲವ್ವ" ಅಂತ ಎರಡು ಸಲ ಅಂದರು. ಫ್ಯಾನ್ ನೇರವಾಗಿ ಬೀಸದ ಕಡೆಗೆ ತೊಟ್ಟಿಲು ಸರಿಸಿದೆವು.

ಅವತ್ತು ರಾತ್ರಿ ಕರೆಂಟ್ ಹೋಯಿತು. ಎಚ್ಚರವಾಗಿ ನೋಡಿದರೆ ಅಜ್ಜಿ ತೊಟ್ಟಿಲ ಪಕ್ಕ ಕೂತು ಬೀಸಣಿಗೆ ಬೀಸುತ್ತಿದ್ದರು. ಇನ್ನೊಂದು ಕೈಯ ಎರಡು ಬೆರಳು ಮಗುವಿನ ಕತ್ತಿನ ಹಿಂದೆ.

"ಬೆವರಿಲ್ಲ ಕಣವ್ವ, ಹದವಾಗದೆ" ಅಂದರು. "ನೀ ಮಲಕ್ಕೊ."